ಒಂಬತ್ತರಲ್ಲಿ ಸಿ, ಹನ್ನೊಂದರಲ್ಲಿ ಎ: ಏರುತ್ತಾ ಹೋದ ಗ್ರೇಡುಗಳನ್ನು ಅಮೆರಿಕದ ಕಾಲೇಜುಗಳು ಹೇಗೆ ಓದುತ್ತವೆ

ಕಳೆದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಗೆ ಪರಿಚಯದ ಕುಟುಂಬವೊಂದು ಬಂದಿತ್ತು. ಕಾಫಿ ಮುಗಿಯುವ ಹೊತ್ತಿಗೆ ತಾಯಿ ಚೀಲದಿಂದ ಮಗನ ಎಲ್ಲ ವರ್ಷಗಳ ಗ್ರೇಡುಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್ ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷಿಗೆ ಸಿ, ಚರಿತ್ರೆಗೆ ಸಿ, ಗಣಿತ, ಬಯಾಲಜಿ, ಸ್ಪ್ಯಾನಿಷ್‌ಗೆ ಬಿ. ಕೆಳಗೆ ಹೋದ ಹಾಗೆ ಎಗಳು ಜಾಸ್ತಿಯಾಗುತ್ತಾ ಹೋಗಿದ್ದವು. ಆದರೆ ಅವರ ಕಣ್ಣು ಮೊದಲ ಸಾಲು ಬಿಟ್ಟು ಕೆಳಗೆ ಇಳಿಯಲೇ ಇಲ್ಲ. "ಅಕ್ಕಾ, ಆ ಒಂದು ವರ್ಷ ಇವನ ದಾರಿ ಮುಚ್ಚಿಬಿಡುತ್ತಾ?" ಅಂದರು. ಹುಡುಗ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ.

ಮುಚ್ಚುವುದಿಲ್ಲ. ಹಾಗಂತ "ಆಮೇಲೆ ಚೆನ್ನಾಗಿ ಓದಿದ್ದಾನಲ್ಲ, ಅವರಿಗೇ ಗೊತ್ತಾಗುತ್ತೆ" ಅಂತ ಸುಮ್ನೆ ಕೂರುವಂತೆಯೂ ಇಲ್ಲ. ನನ್ನ ಮಗಳ ಗ್ರೇಡುಗಳೂ ಕೆಳಗಿನಿಂದ ಮೇಲಕ್ಕೆ ಹೋದವು. ಆಗ ನಾವು ಮಾಡಿದ ಒಂದು ತಪ್ಪನ್ನು ಇನ್ನೊಂದು ಮನೆ ಮಾಡಬಾರದು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರ್ಜಿ ಓದುವವರ ಜಾಗದಲ್ಲಿ ಒಂದು ಕ್ಷಣ ಕೂತು ನೋಡಿ. ಅವರಿಗೆ ತಿಳಿಯಬೇಕಾದದ್ದು ಮುಖ್ಯವಾಗಿ ಒಂದೇ: ಮುಂದಿನ ವರ್ಷ ಈ ಮಗು ನಮ್ಮ ಕ್ಲಾಸಿನಲ್ಲಿ ಕೂತರೆ ಪಾಠ ನಿಭಾಯಿಸುತ್ತದೆಯೇ? ಅದಕ್ಕೆ ಮೂರು ವರ್ಷ ಹಿಂದಿನ ಗ್ರೇಡಿಗಿಂತ ಈಚಿನ ಗ್ರೇಡು ಹತ್ತಿರದ ಸಾಕ್ಷಿ. ಏರಿಕೆಗೆ ಬೆಲೆ ಬರುವುದು ಇಲ್ಲಿಂದಲೇ.

ಹೆಜ್ಜೆ 1: ಸರಾಸರಿಯನ್ನು ಬಿಡಿಸಿ ಬರೆಯಿರಿ

ಶಾಲೆಯ ಪೋರ್ಟಲ್‌ನಿಂದ ಅನಧಿಕೃತ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಳ್ಳಿ. ಒಂದು ಬಿಳಿ ಹಾಳೆಯಲ್ಲಿ ಪ್ರತಿ ವರ್ಷಕ್ಕೆ ಒಂದು ಸಾಲು ಹಾಕಿ. ಎ ಅಂದರೆ 4, ಬಿ ಅಂದರೆ 3, ಸಿ ಅಂದರೆ 2, ಡಿ ಅಂದರೆ 1. ಆನರ್ಸ್, ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಇಂಥ ಕಷ್ಟದ ಕೋರ್ಸುಗಳಿಗೆ ಸಿಗುವ ಹೆಚ್ಚಿನ ಅಂಕ ಸದ್ಯಕ್ಕೆ ಬೇಡ. ಆ ದಿನ ನಾವು ಮೇಜಿನ ಮೇಲೆ ಬರೆದದ್ದು ಹೀಗಿತ್ತು. ವರ್ಷಕ್ಕೆ 6 ವಿಷಯ, ಎರಡು ಸೆಮಿಸ್ಟರ್, ಅಂದರೆ ವರ್ಷಕ್ಕೆ 12 ಗ್ರೇಡು.

9ನೇ ತರಗತಿ: 34 ಅಂಕ, ಸರಾಸರಿ 2.83
10ನೇ ತರಗತಿ: 40 ಅಂಕ, ಸರಾಸರಿ 3.33
11ನೇ ತರಗತಿ: 47 ಅಂಕ, ಸರಾಸರಿ 3.92

ಮೂರನ್ನೂ ಕೂಡಿಸಿ 36ರಿಂದ ಭಾಗಿಸಿದರೆ 3.36. ಶಾಲೆ ಕಾಲೇಜಿಗೆ ಕಳಿಸುವುದು ಈ 3.36 ಅನ್ನೇ. ಇನ್ನೊಂದು ಲೆಕ್ಕವನ್ನೂ ಮಾಡಿದೆವು. 12ನೇ ತರಗತಿಯ ಮೊದಲ ಸೆಮಿಸ್ಟರಿನಲ್ಲಿ ಆರಕ್ಕೆ ಆರೂ ಎ ಬಂದರೆ? 42 ಗ್ರೇಡಿಗೆ 145 ಅಂಕ, ಅಂದರೆ 3.45. ಅಷ್ಟು ಕಷ್ಟಪಟ್ಟರೂ ಸರಾಸರಿ ಏರುವುದು 0.09 ಮಾತ್ರ. ಹುಡುಗನ ಮುಖ ಬಾಡಿತು. ಆದರೆ ಅವನು ನೋಡಬೇಕಾದದ್ದು ಆ ಕೊನೆಯ ಸಂಖ್ಯೆಯನ್ನಲ್ಲ. 2.83, 3.33, 3.92 ಅನ್ನುವ ಮೂರು ಸಾಲುಗಳನ್ನು. ಅರ್ಜಿ ಓದುವವರ ಕೈಗೆ ಇಡೀ ಟ್ರಾನ್ಸ್‌ಕ್ರಿಪ್ಟ್ ಸಿಗುತ್ತದೆ. ಸರಾಸರಿ ಮುಚ್ಚಿಡುವುದನ್ನು ಸಾಲುಗಳು ತೋರಿಸುತ್ತವೆ.

ಹೆಜ್ಜೆ 2: ಯಾವ ಕಾಲೇಜು ಯಾವ ವರ್ಷವನ್ನು ಎಣಿಸುತ್ತದೆ, ನೋಡಿಕೊಳ್ಳಿ

ಎಲ್ಲ ಕಡೆ ಒಂದೇ ಲೆಕ್ಕ ಅಂದುಕೊಳ್ಳುವುದು ನಮ್ಮವರಲ್ಲಿ ತುಂಬಾ ಕಾಣುವ ತಪ್ಪು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ನಾವೆಲ್ಲ ಯುಸಿ ಅನ್ನುವುದು, 9ನೇ ತರಗತಿ ಮುಗಿದ ನಂತರದ ಬೇಸಿಗೆಯಿಂದ 11 ಮುಗಿದ ನಂತರದ ಬೇಸಿಗೆಯವರೆಗಿನ ಎ-ಜಿ ವಿಷಯಗಳ, ಅಂದರೆ ಪ್ರವೇಶಕ್ಕೆ ಯುಸಿ ಕೇಳುವ ವಿಷಯಗಳ, ಗ್ರೇಡುಗಳನ್ನು ಮಾತ್ರ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಹಿಡಿಯುತ್ತದೆ. ಒಂಬತ್ತರ ಗ್ರೇಡು ಅರ್ಜಿಯಲ್ಲಿ ಕಾಣುತ್ತದೆ, ಆದರೆ ಜಿಪಿಎಯಲ್ಲಿ ಸೇರುವುದಿಲ್ಲ. ಅಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಇದ್ದರೆ ಆ ವಿಷಯದ ಅಗತ್ಯ ಪೂರೈಸಿದಂತೆ. ಈ ಹುಡುಗನಿಗೆ ಲೆಕ್ಕ ಹಾಕಿ: 24 ಗ್ರೇಡಿಗೆ 87 ಅಂಕ, 3.63. ಹನ್ನೊಂದರಲ್ಲಿ ಎರಡು ಎಪಿ ತೆಗೆದುಕೊಂಡಿದ್ದ. ನಾಲ್ಕು ಸೆಮಿಸ್ಟರಿಗೆ ಒಂದೊಂದು ಹೆಚ್ಚಿನ ಅಂಕ ಸೇರಿ 91, ಅಂದರೆ 3.79. ಅದೇ ಮಗು, ಅದೇ ಓದು. ಶಾಲೆಯ ಕಾಗದದಲ್ಲಿ 3.36, ಯುಸಿ ಲೆಕ್ಕದಲ್ಲಿ 3.79. ತಾಯಿ ಪೆನ್ನು ತೆಗೆದುಕೊಂಡು ಇನ್ನೊಂದು ಸಲ ಕೂಡಿಸಿ ನೋಡಿದರು.

ಈ ಹೆಚ್ಚಿನ ಅಂಕಕ್ಕೆ ಮಿತಿ ಇದೆ: ಒಟ್ಟು 8 ಸೆಮಿಸ್ಟರ್, ಅದರಲ್ಲಿ ಹತ್ತನೇ ತರಗತಿಯಿಂದ 4 ಮಾತ್ರ. ಇನ್ನೊಂದು ವಿಷಯ. ಅರ್ಜಿ ತೂಗುವಾಗ ಯುಸಿ ಗಮನಿಸುವ ಅಂಶಗಳ ಪಟ್ಟಿಯಲ್ಲಿ ಇತ್ತೀಚೆಗೆ ಓದಿನಲ್ಲಿ ಎದ್ದು ಕಾಣುವ ಸುಧಾರಣೆ ಆಗಿದೆಯೇ ಅನ್ನುವುದೂ ಒಂದು. ಇದು ಬಾಯಿಮಾತಲ್ಲ, ಬರೆದಿಟ್ಟ ನಿಯಮ. ಜಿಪಿಎ ಜೊತೆಗೆ ಯಾವ ಮಟ್ಟದ ವಿಷಯಗಳಲ್ಲಿ ಆ ಸುಧಾರಣೆ ಆಯಿತು ಅನ್ನುವುದನ್ನೂ ಅದೇ ಅಂಶದಡಿ ನೋಡುತ್ತಾರೆ.

ಟೆಕ್ಸಸ್‌ನಲ್ಲಿ ಕಥೆ ಬೇರೆ. ಅಲ್ಲಿ 1997ರ ಕಾನೂನಿನ ಪ್ರಕಾರ ತರಗತಿಯಲ್ಲಿ ಮೇಲಿನ ಸ್ಥಾನದಲ್ಲಿರುವ ರಾಜ್ಯದ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ ಮಾತ್ರ ಮಿತಿಯನ್ನು ಬಿಗಿ ಮಾಡಿದೆ: ಮೊದಲು ಶೇ 6 ಇತ್ತು, 2026ರ ಫಾಲ್‌ಗೆ ಸೇರುವವರಿಗೆ ಶೇ 5. ಈ ರ್‍ಯಾಂಕಿಗೆ ಏರಿಕೆ ಕಾಣುವುದಿಲ್ಲ, ಸರಾಸರಿ ಮಾತ್ರ ಕಾಣುತ್ತದೆ. ಯಾವ ವರ್ಷದಿಂದ ಎಣಿಸುತ್ತಾರೆ ಅನ್ನುವುದು ನಿಮ್ಮ ಶಾಲಾ ಜಿಲ್ಲೆಯ ನಿಯಮ. ಡಲ್ಲಾಸ್ ಕಡೆಯ ತಂದೆ ತಾಯಂದಿರು ಇದನ್ನು ಒಂಬತ್ತನೇ ತರಗತಿ ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಬೇಕು. ನೇರ ಪ್ರವೇಶ ಸಿಗದವರ ಅರ್ಜಿಯನ್ನು ಇಡಿಯಾಗಿ ಓದುತ್ತಾರೆ. ಏರಿಕೆಗೆ ಅಲ್ಲಿ ಜಾಗ ಇದೆ.

ಖಾಸಗಿ ಕಾಲೇಜುಗಳಿಗೆ ಕಾಮನ್ ಡೇಟಾ ಸೆಟ್ ಅನ್ನುವ ವಾರ್ಷಿಕ ದಾಖಲೆ ನೋಡಿ. ಕಾಲೇಜಿನ ಹೆಸರಿನ ಜೊತೆ ಆ ಮೂರು ಪದ ಹಾಕಿ ಹುಡುಕಿದರೆ ಬಹುತೇಕ ಸಿಗುತ್ತದೆ. ಅದರಲ್ಲಿ ಸಿ7 ಅನ್ನುವ ಪಟ್ಟಿಯಲ್ಲಿ ವಿಷಯಗಳ ಕಠಿಣತೆ, ಜಿಪಿಎ, ರ್‍ಯಾಂಕ್, ಪ್ರಬಂಧ, ಶಿಫಾರಸು ಪತ್ರ ಇವುಗಳಿಗೆ ಎಷ್ಟು ಮಹತ್ವ ಅಂತ ಕಾಲೇಜೇ ಗುರುತು ಹಾಕಿರುತ್ತದೆ. ಏರಿಕೆಗೆ ಅಂತ ಅಲ್ಲಿ ಬೇರೆ ಸಾಲಿಲ್ಲ. ಹಾಗಾಗಿ ಅದು ಕಾಣಬೇಕಾದದ್ದು ಬೇರೆ ಸಾಲುಗಳ ಒಳಗೇ: ಕಷ್ಟದ ವಿಷಯಗಳಲ್ಲಿ, ಶಿಕ್ಷಕರ ಪತ್ರದಲ್ಲಿ, ಮಗುವಿನ ಮಾತಿನಲ್ಲಿ.

ಹೆಜ್ಜೆ 3: ಏರಿಕೆ ನಿಜವಾದದ್ದೇ, ಪರೀಕ್ಷಿಸಿ

ಈ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ನನ್ನ ಮಗಳಿಗೆ ಹತ್ತರಲ್ಲಿ ಗಣಿತ, ಕೆಮಿಸ್ಟ್ರಿ ಎರಡರಲ್ಲೂ ಸಿ ಬಂತು. ಆಗ ದುಡ್ಡು ಕೊಟ್ಟು ಒಬ್ಬ ಸಲಹೆಗಾರರ ಹತ್ತಿರ ಹೋದೆವು. ಅವರು "ಹನ್ನೊಂದರಲ್ಲಿ ಎಲ್ಲ ಎ ಬರಲೇಬೇಕು, ಹಗುರಾದ ವಿಷಯ ತಗೊಳ್ಳಿ" ಅಂದರು. ಸ್ಪ್ಯಾನಿಷ್ ಎರಡನೇ ಹಂತಕ್ಕೇ ನಿಂತಿತು. ಪ್ರೀಕ್ಯಾಲ್ಕುಲಸ್ ಬದಲು ಸಾಮಾನ್ಯ ಸ್ಟ್ಯಾಟಿಸ್ಟಿಕ್ಸ್ ಬಂತು. ಫಿಸಿಕ್ಸ್ ಬಿಟ್ಟಳು. ಗ್ರೇಡು ಜಿಗಿಯಿತು, ಎಲ್ಲವೂ ಎ. ನಾವು ಹಬ್ಬ ಮಾಡಿದೆವು. ಅರ್ಜಿ ಹಾಕಿದ ಯಾವ ದೊಡ್ಡ ಕಾಲೇಜೂ ಸೀಟು ಕೊಡಲಿಲ್ಲ. ಆಮೇಲೆ ಆ ಟ್ರಾನ್ಸ್‌ಕ್ರಿಪ್ಟನ್ನು ಹೊಸ ಕಣ್ಣಿನಿಂದ ನೋಡಿದಾಗ ನನಗೇ ಕಂಡಿತು. ಕಷ್ಟ ಬಂದ ಕಡೆ ಅವಳು ಮೇಲೆ ಹತ್ತಿರಲಿಲ್ಲ, ಅಲ್ಲಿಂದ ಪಕ್ಕಕ್ಕೆ ಸರಿದಿದ್ದಳು. ಸರಿಸಿದವರು ನಾವೇ.

ಈ ಹುಡುಗನ ಹಾಳೆ ಬೇರೆ ಮಾತು ಹೇಳುತ್ತಿತ್ತು. ಬೆಂಗಳೂರಿನಿಂದ ಬಂದು ಒಂಬತ್ತಕ್ಕೆ ಸೇರಿದವನು. ಆ ವರ್ಷ ಇಂಗ್ಲಿಷಿಗೆ ಸಿ, ಚರಿತ್ರೆಗೆ ಸಿ. ಹನ್ನೊಂದರಲ್ಲಿ ತೆಗೆದುಕೊಂಡ ಎರಡು ಎಪಿ ಯಾವುದು ಗೊತ್ತಾ? ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಮತ್ತು ಎಪಿ ಅಮೆರಿಕದ ಚರಿತ್ರೆ. ಬಿದ್ದ ಜಾಗದಲ್ಲೇ ಎದ್ದಿದ್ದಾನೆ, ಅದೂ ಇನ್ನೂ ಎತ್ತರದ ಮಟ್ಟದಲ್ಲಿ. ಹನ್ನೊಂದರಲ್ಲಿ ಅವನಿಗೆ ಬಂದ ಒಂದೇ ಒಂದು ಬಿ ಕೂಡ ಎಪಿ ಚರಿತ್ರೆಯ ಮೊದಲ ಸೆಮಿಸ್ಟರಿನದು. ನನ್ನ ಮಟ್ಟಿಗೆ ಆ ಬಿ ನನ್ನ ಮಗಳ ಹಗುರ ಎಗಳಿಗಿಂತ ಗಟ್ಟಿ.

ನಿಮ್ಮ ಹಾಳೆಯ ಮುಂದೆ ಕೂತು ಕೇಳಿಕೊಳ್ಳಿ. ಗ್ರೇಡು ಏರಿದ ವರ್ಷ ವಿಷಯಗಳ ಮಟ್ಟವೂ ಏರಿತೇ? ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ವಿದೇಶಿ ಭಾಷೆ ಈ ಐದರಲ್ಲಿ ಏರಿತೇ, ಅಥವಾ ಸುತ್ತಮುತ್ತಲ ವಿಷಯಗಳಲ್ಲಿ ಮಾತ್ರವೇ? ಒಂದು ಸೆಮಿಸ್ಟರಿನ ಜಿಗಿತವೇ, ಅಥವಾ ಮೂರು ನಾಲ್ಕು ಸೆಮಿಸ್ಟರ್ ನಿಂತಿದೆಯೇ? ಒಂದೇ ಸೆಮಿಸ್ಟರ್ ಆಗಿದ್ದರೆ ಅದನ್ನು ಏರಿಕೆ ಅಂತ ಕರೆಯಲು ಇನ್ನೂ ಕಾಯಬೇಕು.

ಎಲ್ಲರೂ ಹತ್ತು ಎಪಿ ತೆಗೆದುಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಶಾಲೆ ಪ್ರತಿ ಅರ್ಜಿಯ ಜೊತೆ ಸ್ಕೂಲ್ ಪ್ರೊಫೈಲ್ ಅನ್ನುವ ಒಂದೆರಡು ಪುಟ ಕಳಿಸುತ್ತದೆ. ಅಲ್ಲಿ ಯಾವ ಯಾವ ಎಪಿ ಇವೆ, ಗ್ರೇಡು ಹೇಗೆ ಹಂಚಿಕೆಯಾಗಿದೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ನಿಮ್ಮ ಶಾಲೆಯಲ್ಲಿ 5 ಎಪಿ ಮಾತ್ರ ಇದ್ದರೆ ಆ 5ರ ಎದುರಿಗೇ ನಿಮ್ಮ ಮಗುವನ್ನು ನೋಡುತ್ತಾರೆ. ಪ್ರೊಫೈಲ್ ಶಾಲೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಒಮ್ಮೆ ಓದಿ.

ಡಿ ಅಥವಾ ಎಫ್ ಇದ್ದರೆ ಬೇಸಿಗೆ ಶಾಲೆಯಲ್ಲಿ ಆ ಕೋರ್ಸ್ ಮತ್ತೆ ಮಾಡಿಸಿ. ಯುಸಿ ಹೊಸ ಗ್ರೇಡನ್ನು ಹಿಡಿಯುತ್ತದೆ. ಸಿ ಬಂದದ್ದನ್ನು ಮತ್ತೆ ಮಾಡಿದರೆ ಅಲ್ಲಿ ಲೆಕ್ಕಕ್ಕಿಲ್ಲ. ಗಣಿತ ಮತ್ತು ವಿದೇಶಿ ಭಾಷೆಯಲ್ಲಿ ಮುಂದಿನ ಹಂತದಲ್ಲಿ ಸಿ ಅಥವಾ ಮೇಲೆ ಬಂದರೆ ಹಿಂದಿನ ಹಂತದ ಅಗತ್ಯವೂ ಪೂರೈಸಿದಂತೆ ಆಗುತ್ತದೆ.

ಹೆಜ್ಜೆ 4: ಹನ್ನೆರಡನೇ ತರಗತಿಯನ್ನು ಬಿಗಿಯಾಗಿ ಹಿಡಿಯಿರಿ

ಏರುತ್ತಾ ಬಂದ ಗೆರೆ ಕೊನೆಯ ವರ್ಷ ಚಪ್ಪಟೆಯಾದರೆ ಹಿಂದಿನ ಎರಡು ವರ್ಷದ ಕಷ್ಟ ನೀರಿನಲ್ಲಿ ಹೋಮ. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) ಮೂಲಕ ಅರ್ಜಿ ಹಾಕಿದ ಕಡೆಗಳಿಗೆ ಶಾಲೆಯವರು ಜನವರಿ, ಫೆಬ್ರವರಿ ಹೊತ್ತಿಗೆ ಮಿಡ್ ಇಯರ್ ರಿಪೋರ್ಟ್ ಕಳಿಸುತ್ತಾರೆ, ಕೊನೆಗೆ ಫೈನಲ್ ರಿಪೋರ್ಟ್. ಯುಸಿ ಅರ್ಜಿಯಲ್ಲಿ ಗ್ರೇಡುಗಳನ್ನು ಮಗುವೇ ತುಂಬಬೇಕು. ಹನ್ನೆರಡರಲ್ಲಿ ಏನೇನು ಓದುತ್ತಿದ್ದೀಯ ಅನ್ನುವ ಪಟ್ಟಿಯನ್ನೂ ಕೇಳುತ್ತಾರೆ, ಅದಕ್ಕೂ ತೂಕ ಇದೆ. ಅರ್ಜಿ ಹಾಕಿದ ಮೇಲೆ ಒಂದು ಕೋರ್ಸ್ ಬಿಟ್ಟರೆ ವಿಶ್ವವಿದ್ಯಾಲಯಕ್ಕೆ ತಿಳಿಸಲೇಬೇಕು. ಸೀಟು ಸಿಕ್ಕರೂ ಅದು ಷರತ್ತಿನ ಮೇಲೆ. ಕೊನೆಯ ಸೆಮಿಸ್ಟರಿನಲ್ಲಿ ಡಿ, ಎಫ್ ಬಂದು ಸೀಟು ವಾಪಸ್ ಹೋಗುವುದು ಉಂಟು.

ಹೆಜ್ಜೆ 5: ಯಾವಾಗ ಅರ್ಜಿ ಹಾಕುವುದು

ನವೆಂಬರ್ 1 ಅಥವಾ 15ರ ಅರ್ಲಿ ಸುತ್ತಿಗೆ ಹಾಕಿದರೆ ಓದುವವರ ಮುಂದಿರುವ ಕೊನೆಯ ಪೂರ್ತಿ ಗ್ರೇಡು ಹನ್ನೊಂದನೇ ತರಗತಿಯದು. ಜನವರಿಯ ಮಾಮೂಲಿ ಸುತ್ತಿಗೆ ಹಾಕಿದರೆ ಹನ್ನೆರಡರ ಮೊದಲ ಸೆಮಿಸ್ಟರ್ ಕೂಡ ಅವರ ಕೈ ಸೇರುತ್ತದೆ. ಏರಿಕೆ ಹತ್ತರಿಂದಲೇ ಶುರುವಾಗಿದ್ದರೆ ಅರ್ಲಿಗೆ ಧೈರ್ಯವಾಗಿ ಹೋಗಿ. ಹನ್ನೊಂದರ ಎರಡನೇ ಭಾಗದಲ್ಲಷ್ಟೇ ಶುರುವಾಗಿದ್ದರೆ ಕಾಯುವುದು ವಾಸಿ. ಅರ್ಲಿಯಲ್ಲಿ ಡಿಫರ್ ಆದರೆ, ಅಂದರೆ ನಿರ್ಧಾರವನ್ನು ಮಾಮೂಲಿ ಸುತ್ತಿಗೆ ಮುಂದೂಡಿದರೆ, ಬಾಗಿಲು ಮುಚ್ಚಿಲ್ಲ. ಹೊಸ ಗ್ರೇಡಿನ ಜೊತೆ ಒಂದು ಚಿಕ್ಕ ಪತ್ರ ಕಳಿಸಿ, ಆ ಕಾಲೇಜು ಬೇಡ ಅಂದಿಲ್ಲದಿದ್ದರೆ.

ಹೆಜ್ಜೆ 6: ಕಾರಣವನ್ನು ಯಾರು ಹೇಳಬೇಕು, ಎಷ್ಟು ಹೇಳಬೇಕು

ಕಾಮನ್ ಆ್ಯಪ್‌ನಲ್ಲಿ 650 ಪದಗಳ ಮುಖ್ಯ ಪ್ರಬಂಧ ಇದೆ. ಅದನ್ನು ಸಿ ಗ್ರೇಡಿನ ವಿವರಣೆಗೆ ಸುರಿಯಬೇಡಿ. ಅಲ್ಲಿ ಮಗು ಯಾರು ಅಂತ ಕಾಣಲಿ. ಗ್ರೇಡಿನ ಕಾರಣಕ್ಕೆ ಬೇರೆ ಜಾಗಗಳಿವೆ: ಹೆಚ್ಚಿನ ಮಾಹಿತಿಗೆ 300 ಪದ, ಎದುರಿಸಿದ ಕಷ್ಟ ಮತ್ತು ಪರಿಸ್ಥಿತಿಗೆ 250 ಪದ. ಯುಸಿ ಅರ್ಜಿಯಲ್ಲೂ ಹೆಚ್ಚಿನ ವಿವರಕ್ಕೆ ಜಾಗವಿದೆ.

ಆ ಹುಡುಗ ಮೊದಲು ಬರೆದು ತಂದದ್ದು ಒಂದೂವರೆ ಪುಟ. ಸ್ನೇಹಿತರನ್ನು ಬಿಟ್ಟು ಬಂದ ದುಃಖ, ಅಜ್ಜಿ ಮನೆ, ಇಲ್ಲಿಯ ಚಳಿ, ಸರಿಯಾಗಿ ಪಾಠ ಮಾಡದ ಶಿಕ್ಷಕರು, ಎಲ್ಲ ಇತ್ತು. ಓದಿದರೆ ಮನಸ್ಸು ಕರಗುತ್ತಿತ್ತು. ಆದರೆ ಓದಿ ಮುಗಿಸಿದ ಮೇಲೆ ಅವನು ಏನು ಮಾಡಿದ ಅಂತ ಗೊತ್ತಾಗುತ್ತಿರಲಿಲ್ಲ. ಕೂತು ಕತ್ತರಿಸಿದೆವು. ಉಳಿದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ:

"ಒಂಬತ್ತನೇ ತರಗತಿ ಶುರುವಾಗುವ ಎರಡು ವಾರ ಮುಂಚೆ ಬೆಂಗಳೂರಿನಿಂದ ಬಂದೆ. ಪಠ್ಯದಲ್ಲಿ ಇದ್ದದ್ದನ್ನು ನೆನಪಿಟ್ಟು ಬರೆಯುವುದು ನನಗೆ ಗೊತ್ತಿತ್ತು. ಒಂದು ವಾದವನ್ನು ಕಟ್ಟಿ ಪ್ರಬಂಧ ಬರೆಯುವುದು ಗೊತ್ತಿರಲಿಲ್ಲ. ಇಂಗ್ಲಿಷ್ ಮತ್ತು ಚರಿತ್ರೆಯಲ್ಲಿ ಸಿ ಬಂತು. ಹತ್ತರಲ್ಲಿ ಪ್ರತಿ ಮಂಗಳವಾರ ಊಟದ ಬಿಡುವಿನಲ್ಲಿ ಶಾಲೆಯ ಬರವಣಿಗೆ ಕೇಂದ್ರಕ್ಕೆ ಹೋದೆ. ಹನ್ನೊಂದರಲ್ಲಿ ಈ ಎರಡೇ ವಿಷಯಗಳ ಎಪಿ ತೆಗೆದುಕೊಂಡೆ."

ಇಷ್ಟೇ. ಏನಾಯಿತು, ಏನು ಮಾಡಿದೆ, ಈಗ ಎಲ್ಲಿದ್ದೇನೆ. ದೂರಿಲ್ಲ, ಕ್ಷಮೆ ಕೇಳುವುದಿಲ್ಲ. ಶಿಕ್ಷಕರನ್ನು ಬೈಯುವ ಒಂದು ಸಾಲು ಇದ್ದರೂ ಅದೇ ಎದ್ದು ಕಾಣುತ್ತದೆ, ಉಳಿದದ್ದೆಲ್ಲ ಮರೆಯಾಗುತ್ತದೆ. ವಿಶೇಷ ಕಾರಣವೇ ಇಲ್ಲದಿದ್ದರೆ, ಸುಮ್ನೆ ಓದಿರಲಿಲ್ಲ ಅಂದರೆ, ಕಾರಣ ಹುಟ್ಟಿಸಬೇಡಿ. ಟ್ರಾನ್ಸ್‌ಕ್ರಿಪ್ಟ್ ತಾನೇ ಮಾತಾಡಲಿ.

ಕಾಯಿಲೆ, ಮನೆಯಲ್ಲಿ ಸಾವು, ಅಪ್ಪನ ಕೆಲಸ ಹೋದದ್ದು ಇಂಥವನ್ನು ಶಾಲೆಯ ಕೌನ್ಸೆಲರ್ ಹೇಳಿದರೆ ತೂಕ ಜಾಸ್ತಿ. ಆದರೆ ಹೇಳದೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ನಮ್ಮವರು ಮನೆ ವಿಷಯ ಹೊರಗೆ ಯಾಕೆ ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ಈ ಒಂದು ಕಡೆ ಬಾಯಿ ಬಿಡಿ. ಹನ್ನೊಂದರ ಕೊನೆಯಲ್ಲಿ ಕೌನ್ಸೆಲರ್ ಕೊಡುವ ಫಾರಂನಲ್ಲಿ ನಾಲ್ಕು ಸಾಲು ಬರೆದುಕೊಡಿ. ಶಿಫಾರಸು ಪತ್ರಕ್ಕೆ ಏರಿಕೆ ಕಂಡ ವಿಷಯದ ಹನ್ನೊಂದರ ಶಿಕ್ಷಕರನ್ನೇ ಕೇಳಿ, ಬೇಸಿಗೆ ರಜೆಗೆ ಮೊದಲೇ. ಸುಲಭವಾಗಿ ಎ ಬಂದ ವಿಷಯದವರಿಗಿಂತ ಮಗು ಒದ್ದಾಡಿ ಮೇಲೆ ಬಂದದ್ದನ್ನು ಕಣ್ಣಾರೆ ಕಂಡವರಿಗೆ ಹೇಳಲು ಜಾಸ್ತಿ ಇರುತ್ತದೆ. ಯುಸಿ ಸಾಮಾನ್ಯವಾಗಿ ಪತ್ರ ಕೇಳುವುದಿಲ್ಲ, ಅಲ್ಲಿ ಮಗುವಿನ ಮಾತೇ ಎಲ್ಲ.

ಹೆಜ್ಜೆ 7: ಪರೀಕ್ಷೆಯ ಅಂಕಗಳನ್ನು ಜೊತೆಗಿಡಿ

ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ಯುಸಿ ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಗ್ರೇಡು ಏರುತ್ತಾ ಬಂದಿದ್ದು ಜೊತೆಗೆ ಎಸ್‌ಎಟಿ, ಎಪಿ ಪರೀಕ್ಷೆಯ ಅಂಕವೂ ಚೆನ್ನಾಗಿದ್ದರೆ ಒಂದಕ್ಕೊಂದು ಸಾಕ್ಷಿ. ಗ್ರೇಡು ಏರದೆ ಎಸ್‌ಎಟಿ ಮಾತ್ರ ಜಾಸ್ತಿ ಇದ್ದರೆ ಶಕ್ತಿ ಇದೆ, ಕೆಲಸ ಮಾಡಿಲ್ಲ ಅಂತ ಕಾಣುವ ಅಪಾಯ ಇದೆ.

ಹೆಜ್ಜೆ 8: ಪಟ್ಟಿಯನ್ನು ಕಣ್ಣು ತೆರೆದು ಮಾಡಿ

ಇದನ್ನು ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕು. ಅರ್ಜಿ ಹಾಕಿದ ನೂರರಲ್ಲಿ ಐದು ಜನಕ್ಕೂ ಸೀಟು ಕೊಡದ ಸ್ಟ್ಯಾನ್‌ಫರ್ಡ್, ಹಾರ್ವರ್ಡ್, ಎಂಐಟಿಯಂಥ ಕಡೆ ನಿಮ್ಮ ಮಗುವಿನ ಪಕ್ಕದಲ್ಲಿ ನಾಲ್ಕೂ ವರ್ಷ ಎ ಬಂದ ಸಾವಿರಾರು ಮಕ್ಕಳಿರುತ್ತಾರೆ. ಏರಿಕೆ ಅವರನ್ನು ಹಿಂದಕ್ಕೆ ಹಾಕುವುದಿಲ್ಲ. ಒಂದೆರಡು ಅಂಥ ಕಾಲೇಜು ಪಟ್ಟಿಯಲ್ಲಿರಲಿ, ಆಸೆ ತಪ್ಪಲ್ಲ. ಆದರೆ ನಿಜವಾದ ಬಲ ಇರುವುದು ನಡುವಿನ ಕಾಲೇಜುಗಳಲ್ಲಿ. 9ನೇ ತರಗತಿಯನ್ನು ಜಿಪಿಎಗೆ ಸೇರಿಸದ ಯುಸಿಗಳನ್ನು, ಅರ್ಜಿಯನ್ನು ನಿಧಾನವಾಗಿ ಓದುವ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜುಗಳನ್ನು ಜಾಸ್ತಿ ಇಟ್ಟುಕೊಳ್ಳಿ. ಊರಿನ ನೆಂಟರಿಗೆ ಆ ಹೆಸರು ಗೊತ್ತಿಲ್ಲ ಅಂತ ಬಿಡಬೇಡಿ.

ಕರ್ನಾಟಕದಿಂದ ಅರ್ಜಿ ಹಾಕುವವರಿಗೆ

ಊರಿನಿಂದ ನನಗೆ ಬರುವ ಫೋನುಗಳಲ್ಲಿ ಪದೇ ಪದೇ ಕೇಳುವ ಮಾತು: "ಫಸ್ಟ್ ಪಿಯು ಮಾರ್ಕ್ಸ್ ಯಾರು ನೋಡ್ತಾರೆ?" ಇಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಸೆಕೆಂಡ್ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಅಲ್ಲಿ ಆ ಮಾತು ಸರಿ. ಇಲ್ಲಿ ಸರಿಯಲ್ಲ. ಅಮೆರಿಕದ ಕಾಲೇಜಿಗೆ ಫಸ್ಟ್ ಪಿಯು ಅಂದರೆ ಹನ್ನೊಂದನೇ ತರಗತಿ. ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿರುವ ಕೊನೆಯ ಪೂರ್ತಿ ವರ್ಷ ಅದೇ. ಸೆಕೆಂಡ್ ಪಿಯು ಬೋರ್ಡ್ ಫಲಿತಾಂಶ ಬರುವ ಹೊತ್ತಿಗೆ ಬಹುತೇಕ ಕಾಲೇಜುಗಳು ನಿರ್ಧಾರ ಹೇಳಿಯಾಗಿರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ 95, ಫಸ್ಟ್ ಪಿಯುನಲ್ಲಿ 68 ಅಂದರೆ ಅವರಿಗೆ ಕಾಣುವುದು ಇಳಿಯುವ ಗೆರೆ.

ಹಾಗಾಗಿ ಫಸ್ಟ್ ಪಿಯು ಶುರುವಾದ ದಿನದಿಂದಲೇ ಆ ಪರೀಕ್ಷೆಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಈಗಾಗಲೇ ಇಳಿದಿದ್ದರೆ ಸೆಕೆಂಡ್ ಪಿಯುವಿನ ಕಿರುಪರೀಕ್ಷೆ, ಮಧ್ಯವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆಗಳ ಅಂಕಗಳನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ, ಪ್ರಿನ್ಸಿಪಾಲರ ಸಹಿ ಮತ್ತು ಮೊಹರು ಹಾಕಿಸಿ. ಏರಿಕೆ ತೋರಿಸಲು ಇರುವುದು ಅದೊಂದೇ. ಒಂಬತ್ತು, ಹತ್ತು ಓದಿದ್ದು ಬೇರೆ ಶಾಲೆಯಲ್ಲಿ ಅಲ್ವಾ? ಅಲ್ಲಿಂದ ಒಂಬತ್ತರ ಅಂಕಪಟ್ಟಿಯನ್ನು ಈಗಲೇ ತಂದಿಟ್ಟುಕೊಳ್ಳಿ. ಶಾಲೆಯವರು ಹಳೆ ರಿಜಿಸ್ಟರ್ ಹುಡುಕಲು ಸಮಯ ಬೇಕು. ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ಪ್ರಿನ್ಸಿಪಾಲರು ಅಥವಾ ಒಬ್ಬ ಉಪನ್ಯಾಸಕರು ಆ ಕೆಲಸ ಮಾಡಬಹುದು. ಎಸ್‌ಎಸ್‌ಎಲ್‌ಸಿಯಿಂದ ಪಿಯು ವಿಜ್ಞಾನಕ್ಕೆ ಬಂದಾಗ ಪಾಠ ಎಷ್ಟು ಕಷ್ಟವಾಗುತ್ತದೆ, ತರಗತಿಯಲ್ಲಿ ಉಳಿದವರಿಗೆ ಎಷ್ಟು ಬಂತು ಅನ್ನುವ ಎರಡು ಸಾಲು ಅವರ ಪತ್ರದಲ್ಲಿ ಇರಲಿ. ಶೇಕಡಾ ಅಂಕವನ್ನು ನೀವೇ ಜಿಪಿಎಗೆ ಬದಲಾಯಿಸಲು ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೇ ತುಂಬಿ.

ಏರಿಕೆ ತಡವಾಗಿ ಬಂದಿದ್ದರೆ

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಗಟ್ಟಿ ದಾರಿ ಇದೆ: ಕಮ್ಯುನಿಟಿ ಕಾಲೇಜು. ಅಲ್ಲಿಂದ ಯುಸಿಯ ಮೂರನೇ ವರ್ಷಕ್ಕೆ ವರ್ಗವಾಗುವಾಗ ಹೈಸ್ಕೂಲಿನ ಜಿಪಿಎ ಲೆಕ್ಕಕ್ಕೆ ಬರುವುದಿಲ್ಲ, ಕಮ್ಯುನಿಟಿ ಕಾಲೇಜಿನ ಗ್ರೇಡು ಬರುತ್ತದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ಟ್ಯಾಗ್ ಅನ್ನುವ ಖಾತರಿ ಒಪ್ಪಂದ ಮಾಡಿಕೊಳ್ಳುತ್ತವೆ. ಹೇಳಿದ ಕೋರ್ಸು, ಹೇಳಿದ ಜಿಪಿಎ ಮುಗಿಸಿದರೆ ಸೀಟು ನಿಶ್ಚಿತ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊದಲ್ಲಿ ಟ್ಯಾಗ್ ಇಲ್ಲ, ಆದರೆ ಅವೂ ವರ್ಗಾವಣೆ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ. ಯಾವ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಟ್ಯಾಗ್ ಇದೆ, ಎಷ್ಟು ಜಿಪಿಎ ಬೇಕು ಅನ್ನುವುದು ಕ್ಯಾಂಪಸ್‌ಗೊಂದು ತರಹ. ಮೊದಲ ಸೆಮಿಸ್ಟರಿನಲ್ಲೇ ಅಲ್ಲಿನ ಟ್ರಾನ್ಸ್‌ಫರ್ ಸೆಂಟರಿಗೆ ಹೋಗಿ ಪಟ್ಟಿ ತೆಗೆದುಕೊಳ್ಳಿ.

ನನ್ನ ಮಗಳು ಹೋದದ್ದು ಇದೇ ದಾರಿಯಲ್ಲಿ. ಹೈಸ್ಕೂಲಿನಲ್ಲಿ ನಾವು ಬಿಡಿಸಿದ ಪ್ರೀಕ್ಯಾಲ್ಕುಲಸ್‌ಗೆ ಅವಳು ಕುಪರ್ಟಿನೊದ ಡಿ ಆಂಜಾ ಕಾಲೇಜಿನಲ್ಲಿ ಮೊದಲ ದಿನವೇ ಹೆಸರು ಹಚ್ಚಿದಳು. ಫಿಸಿಕ್ಸ್ ಅನ್ನೂ ಅಲ್ಲೇ ಮಾಡಿದಳು. ಎರಡು ವರ್ಷ ಮುಗಿಸಿ ಡೇವಿಸ್‌ಗೆ ಹೋದಳು. ಆ ಹಳೆ ಟ್ರಾನ್ಸ್‌ಕ್ರಿಪ್ಟ್ ಇನ್ನೂ ನಮ್ಮ ಡ್ರಾಯರಿನಲ್ಲಿದೆ. ಆ ದಿನ ಹುಡುಗನಿಗೆ ಅದನ್ನೂ ತೆಗೆದು ತೋರಿಸಿದೆ.